ಸಂಶೋಧನೆಯೋ, ಮುಖ್ಯಸ್ಥರ ಕುರ್ಚಿಯೋ: ಹೃದ್ರೋಗ ತಜ್ಞೆಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ ಈಗ 39 ವರ್ಷ. ಬೋಧನಾ ಆಸ್ಪತ್ರೆಯೊಂದರ ಹೃದ್ರೋಗ ವಿಭಾಗದಲ್ಲಿ ಏಳು ವರ್ಷಗಳಿಂದ ಇದ್ದೇನೆ. ವಾರದಲ್ಲಿ ಮೂರು ದಿನ ಕ್ಯಾಥ್ ಲ್ಯಾಬ್ (ಸಣ್ಣ ನಳಿಕೆ ತೂರಿಸಿ ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ಮಾಡುವ ಕೋಣೆ), ಎರಡು ದಿನ ಹೊರರೋಗಿ ವಿಭಾಗ, ನಡುನಡುವೆ ರೌಂಡ್ಸ್ ಮತ್ತು ಪಾಠ. ಔಷಧ ಕಂಪನಿಗಳು ನಡೆಸಿದ ಎರಡು ದೊಡ್ಡ ಕ್ಲಿನಿಕಲ್ ಟ್ರಯಲ್‌ಗಳಲ್ಲಿ, ಅಂದರೆ ರೋಗಿಗಳಲ್ಲಿ ಚಿಕಿತ್ಸೆಯನ್ನು ಪರೀಕ್ಷಿಸುವ ಪ್ರಯೋಗಗಳಲ್ಲಿ, ನಮ್ಮ ಕೇಂದ್ರದ ಪರವಾಗಿ ಕೆಲಸ ಮಾಡಿದ್ದೇನೆ. ಲೇಖನಗಳಲ್ಲಿ ನನ್ನ ಹೆಸರು ಎಲ್ಲೋ ನಡುವೆ ಇದೆ. ಹೃದಯ ವೈಫಲ್ಯಕ್ಕೆ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿಗೆ) ಚಿಕಿತ್ಸೆ ಪಡೆದು ಮನೆಗೆ ಹೋದವರು ತಿಂಗಳೊಳಗೆ ಮತ್ತೆ ಏದುಸಿರು ಬಿಡುತ್ತ ಬರುವುದು ನನ್ನನ್ನು ಬಹಳ ಕಾಡುತ್ತದೆ, ಹಾಗೆ ಮರಳಿ ಬಂದವರ ವಿವರಗಳನ್ನು ನಾಲ್ಕು ವರ್ಷಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಇನ್ನೆರಡು ವರ್ಷಗಳಲ್ಲಿ ನಮ್ಮ ಮುಖ್ಯಸ್ಥರು ನಿವೃತ್ತರಾಗುತ್ತಾರೆ. ಸಂಸ್ಥೆಯವರು ನನಗೆ ಸಂಶೋಧನಾ ಘಟಕದ ಹೊಣೆಯನ್ನೂ ವಿಭಾಗದ ಉಪಮುಖ್ಯಸ್ಥೆಯ ಸ್ಥಾನವನ್ನೂ ಒಟ್ಟಿಗೆ ವಹಿಸಿಕೊಳ್ಳಲು ಕೇಳಿದ್ದಾರೆ. ಆರು ವಾರಗಳಲ್ಲಿ ಉತ್ತರಿಸಬೇಕು. ಸಂಶೋಧನೆಗೆ ಇಳಿದರೆ ಕೈಚಳಕ ಹೋಗುತ್ತದೆ, ಅದು ಕಂಪನಿಗಳ ಊಳಿಗ, ಪಿಎಚ್‌ಡಿ ಇಲ್ಲದೆ ಈ ವಯಸ್ಸಿನಲ್ಲಿ ಶುರುಮಾಡುವುದು ವ್ಯರ್ಥ, ಆಡಳಿತವೆಂದರೆ ಸಂಶೋಧಕರ ಸಮಾಧಿ ಎಂದು ಸಹೋದ್ಯೋಗಿಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಿಭಾಗದಲ್ಲಿರುವ ಏಕೈಕ ಮಹಿಳೆ ನಾನು ಎಂಬುದನ್ನೂ ತಿಳಿಸಬೇಕು. ಇವುಗಳಲ್ಲಿ ನಿಜವೆಷ್ಟು? ನಾನು ಒಪ್ಪಿಕೊಳ್ಳಬೇಕೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಹೋದ್ಯೋಗಿಗಳು ಹುಟ್ಟಿಸಿದ ಅಂಜಿಕೆಗಳನ್ನೆಲ್ಲ ಎಣಿಸಿ ಬರೆದಿದ್ದೀರಿ, ನೋಟ್‌ಬುಕ್ಕಿಗೆ ಮಾತ್ರ ಒಂದೇ ವಾಕ್ಯ ಕೊಟ್ಟಿದ್ದೀರಿ. ನನ್ನ ಉತ್ತರದ ಹೆಚ್ಚಿನ ಭಾಗ ಆ ಒಂದು ವಾಕ್ಯವನ್ನೇ ಆಧರಿಸಿದೆ. ಸಂಶೋಧನೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ನಿಮ್ಮ ಚಿಂತೆಯಲ್ಲ. ವರ್ಷಗಟ್ಟಲೆ ಕಲಿತ ಕೈಕೆಲಸವನ್ನು ಕಳೆದುಕೊಂಡು, ಹೊಸ ಕೆಲಸದಲ್ಲಿಯೂ ಬೇರೂರದೆ, ಕೊನೆಗೆ ಸಭೆಗಳಲ್ಲಿ ಕೂತು ಸಹಿ ಹಾಕುವ ವ್ಯಕ್ತಿಯಾಗಿಬಿಟ್ಟರೆ ಹೇಗೆ ಎಂಬುದು ನಿಮ್ಮ ಚಿಂತೆ. ಈ ಚಿಂತೆಗೆ ಆಧಾರವಿದೆ, ಹಾಗೆ ಆದವರನ್ನು ನಾನು ಕಂಡಿದ್ದೇನೆ, ಸ್ವಲ್ಪ ಕಾಲ ನಾನೂ ಹಾಗಾಗಿದ್ದೆ. ಆದರೆ ಅದಕ್ಕೆ ಕಾರಣ ಸಹೋದ್ಯೋಗಿಗಳು ಹೇಳುತ್ತಿರುವುದಲ್ಲ. ಸಂಸ್ಥೆಯವರು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಪತ್ರದಲ್ಲಿ ಕಟ್ಟಿ ಕಳಿಸಿದ್ದಾರೆ. ನೀವು ಮೊದಲು ಆ ಗಂಟನ್ನು ಬಿಚ್ಚಬೇಕು.

ಕೈಚಳಕದ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಕಟ್ಟಿಕೊಂಡ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಆಂಜಿಯೋಪ್ಲಾಸ್ಟಿಯಂತಹ ಕೆಲಸದಲ್ಲಿ ಮಾಡಿದಷ್ಟೂ ಕೈ ಪಳಗುತ್ತದೆ, ಬಿಟ್ಟಷ್ಟೂ ಮಂಕಾಗುತ್ತದೆ. ಅಮೆರಿಕದ ಹೃದ್ರೋಗ ವೃತ್ತಿಸಂಸ್ಥೆಗಳು 2013ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ, ಎರಡು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ಕನಿಷ್ಠ 50 ಆಂಜಿಯೋಪ್ಲಾಸ್ಟಿಗಳನ್ನಾದರೂ ಮಾಡುತ್ತಿರಬೇಕು ಎಂದಿತ್ತು. ವಾರಕ್ಕೆ ಒಂದು ಎಂದಾಯಿತು. ಮೂರು ದಿನದ ಕ್ಯಾಥ್ ಲ್ಯಾಬ್ ಕೆಲಸವನ್ನು ಒಂದೂವರೆ ದಿನಕ್ಕೆ ಇಳಿಸಿದರೂ ನೀವು ಆ ಗೆರೆಯ ಕೆಳಗೆ ಹೋಗುವುದಿಲ್ಲ. ಸಂಪೂರ್ಣವಾಗಿ, ಬಹುಕಾಲದಿಂದ ಮುಚ್ಚಿಹೋದ ರಕ್ತನಾಳವನ್ನು ತೆರೆಯುವಂತಹ ತೀರ ಕಠಿಣ ಪ್ರಕರಣಗಳ ಮಾತು ಬೇರೆ. ಅವನ್ನು ಅಪರೂಪಕ್ಕೊಮ್ಮೆ ಕೈಗೆತ್ತಿಕೊಳ್ಳುವುದು ರೋಗಿಗೆ ಮಾಡುವ ಅನ್ಯಾಯ. ಅಂತಹವನ್ನು ಸಹೋದ್ಯೋಗಿಗೆ ಬಿಟ್ಟುಕೊಟ್ಟು, ಹೃದಯಾಘಾತದ ತುರ್ತು ಆಂಜಿಯೋಪ್ಲಾಸ್ಟಿಯಂತಹ, ಸಂಖ್ಯೆಯೂ ಇರುವ, ನಿಮ್ಮ ತಂಡಕ್ಕೂ ಬೇಕಾದ ಕೆಲಸವನ್ನು ಉಳಿಸಿಕೊಳ್ಳಿ. ಕೈ ಹಾಳಾಗುವುದು ಸಂಶೋಧನೆಯಿಂದಲ್ಲ. ಏನನ್ನು ಬಿಡಬೇಕೆಂದು ನಿರ್ಧರಿಸದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಿಡಿದುಕೊಂಡಿರುವುದರಿಂದ ಹಾಳಾಗುತ್ತದೆ.

ಕೈಕೆಲಸಕ್ಕೂ ಲೆಕ್ಕ ಇಡುವುದಕ್ಕೂ ಹಗೆತನವಿದೆ ಎಂದು ನಮ್ಮ ಕ್ಷೇತ್ರದಲ್ಲಿ ಯಾರಾದರೂ ಹೇಳಿದರೆ ಆಶ್ಚರ್ಯವಾಗುತ್ತದೆ. 1977ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಬಾರಿ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿದ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನುಗಳನ್ನು ಮನೆಯ ಅಡುಗೆಮನೆಯ ಮೇಜಿನ ಮೇಲೆ ತಾವೇ ತಯಾರಿಸಿಕೊಂಡವರು. ಅಷ್ಟೇ ಆಸ್ಥೆಯಿಂದ ಪ್ರತಿ ರೋಗಿಯ ಮುಂದಿನ ಸ್ಥಿತಿಗತಿಯನ್ನು ದಾಖಲಿಸಿದವರು. 1978ರ ಆರಂಭದಲ್ಲಿ ಅವರು ಪ್ರಕಟಿಸಿದ್ದು ಐದೇ ರೋಗಿಗಳ ವಿವರವಿದ್ದ ಒಂದು ಸಣ್ಣ ಪತ್ರ. ಮರುವರ್ಷವೇ ಅಮೆರಿಕದಲ್ಲಿ, ಈ ಚಿಕಿತ್ಸೆ ಪಡೆದವರ ನೋಂದಣಿ ಪುಸ್ತಕ ಶುರುವಾಯಿತು. ಯಶಸ್ಸುಗಳ ಜೊತೆ ವೈಫಲ್ಯಗಳನ್ನೂ ಬರೆದಿಡುವ ಆ ಶಿಸ್ತು ಇಲ್ಲದಿದ್ದರೆ ಆಂಜಿಯೋಪ್ಲಾಸ್ಟಿ ಒಂದಿಬ್ಬರ ಜಾಣ್ಮೆಯಾಗಿ ಉಳಿದುಬಿಡುತ್ತಿತ್ತು.

ಇನ್ನು ಕಂಪನಿಗಳ ಊಳಿಗ ಎಂಬ ಮಾತು. ಇದನ್ನು ತಳ್ಳಿಹಾಕುವ ಮೊದಲು ಸ್ವಲ್ಪ ನಿಂತು ನೋಡಬೇಕು. ನೀವು ಈವರೆಗೆ ಮಾಡಿದ್ದರಲ್ಲಿ ಪ್ರಶ್ನೆ ಕಂಪನಿಯದು, ಪ್ರೊಟೊಕಾಲ್ (ಪ್ರಯೋಗದ ಲಿಖಿತ ಕಾರ್ಯಯೋಜನೆ) ಕಂಪನಿಯದು, ದತ್ತಾಂಶ ಕಂಪನಿಯ ಕೈಯಲ್ಲಿ. ರೋಗಿ ಮತ್ತು ಶ್ರಮ ಮಾತ್ರ ನಿಮ್ಮದು. ಅದರಿಂದ ನೀವು ಕಲಿತದ್ದು ಕಡಿಮೆಯಲ್ಲ: ಒಪ್ಪಿಗೆ ಪತ್ರವನ್ನು ಸಹಿಗಾಗಿ ಮಾತ್ರವಲ್ಲದೆ ಅರ್ಥವಾಗುವಂತೆ ವಿವರಿಸುವುದು, ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ತಿಳಿಸುವುದು, ಕೇಸ್ ಶೀಟಿನಲ್ಲಿ ಇಲ್ಲದ ಒಂದು ಅಂಕಿಯೂ ಟ್ರಯಲ್ ದಾಖಲೆಗೆ ಹೋಗದಂತೆ ನೋಡಿಕೊಳ್ಳುವುದು. ಇವು ಒಳ್ಳೆಯ ಅಭ್ಯಾಸಗಳು. ಕಂಪನಿಗಳ ಹಣವಿಲ್ಲದಿದ್ದರೆ ನಾವು ಇಂದು ಬರೆಯುವ ಎಷ್ಟೋ ಔಷಧಗಳ ಪರೀಕ್ಷೆಯೇ ಆಗುತ್ತಿರಲಿಲ್ಲ ಎಂಬುದೂ ನಿಜ. ಆದರೆ ಸಂಶೋಧನೆಯೆಂದರೆ ಅಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ಇಟಲಿಯ 176 ಹೃದಯ ತೀವ್ರನಿಗಾ ಘಟಕಗಳ ವೈದ್ಯರು ಒಟ್ಟುಗೂಡಿ ನಡೆಸಿದ ಗಿಸ್ಸಿ ಪ್ರಯೋಗ 1986ರಲ್ಲಿ ಪ್ರಕಟವಾಯಿತು. ಹೃದಯಾಘಾತವಾದ 11,806 ರೋಗಿಗಳನ್ನು 17 ತಿಂಗಳಲ್ಲಿ ಸೇರಿಸಿಕೊಂಡು, ರಕ್ತದ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಸಾವನ್ನು ಶೇ. 13ರಿಂದ ಶೇ. 10.7ಕ್ಕೆ ಇಳಿಸುತ್ತದೆಂದು ಅವರು ತೋರಿಸಿದರು. ಎರಡು ವರ್ಷಗಳ ನಂತರ ಬಂದ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳಿದ್ದರು. ಐದು ವಾರಗಳಲ್ಲಿ ರಕ್ತನಾಳ ಸಂಬಂಧಿ ಸಾವು ಏನನ್ನೂ ಪಡೆಯದವರಲ್ಲಿ ಶೇ. 13.2, ಸ್ಟ್ರೆಪ್ಟೊಕೈನೇಸ್ ಮತ್ತು ಆಸ್ಪಿರಿನ್ ಎರಡನ್ನೂ ಪಡೆದವರಲ್ಲಿ ಶೇ. 8. ಆಸ್ಪಿರಿನ್ ಯಾರಿಗೂ ದೊಡ್ಡ ಲಾಭ ತಂದುಕೊಡದ ಹಳೆಯ ಮಾತ್ರೆ. ಪ್ರಶ್ನೆ ವೈದ್ಯರದಾಗಿತ್ತು, ಫಾರಂ ಚಿಕ್ಕದಾಗಿತ್ತು, ಡ್ಯೂಟಿಯಲ್ಲಿದ್ದ ಸಾಮಾನ್ಯ ವೈದ್ಯರೂ ಅದನ್ನು ತುಂಬಬಹುದಾಗಿತ್ತು.

ಆದ್ದರಿಂದ ಮುಂದೆ ಯಾವುದೇ ಕಂಪನಿಯ ಟ್ರಯಲ್‌ಗೆ ಸಹಿ ಹಾಕುವಾಗ ನಾಲ್ಕು ಸಂಗತಿಗಳನ್ನು ಕೇಳಿ ನೋಡಿ. ಪೂರ್ಣ ದತ್ತಾಂಶವನ್ನು ಕಂಪನಿಯ ಹೊರಗಿನವರು ಯಾರಾದರೂ ವಿಶ್ಲೇಷಿಸುತ್ತಾರೆಯೇ? ಫಲಿತಾಂಶ ವಿರುದ್ಧವಾಗಿ ಬಂದರೂ ಪ್ರಕಟಿಸುವ ಹಕ್ಕು ಸಂಶೋಧಕರಿಗೆ ಇದೆಯೇ? ಸುರಕ್ಷತೆಯನ್ನು ನೋಡುವ ಸಮಿತಿ ಸ್ವತಂತ್ರವೇ? ಒಬ್ಬೊಬ್ಬ ರೋಗಿಯ ಲೆಕ್ಕದಲ್ಲಿ ಬರುವ ಹಣ ನಿಮ್ಮ ಖಾತೆಗೋ ಸಂಸ್ಥೆಯ ಖಾತೆಗೋ? ಕೊನೆಯದನ್ನು ಸಣ್ಣದೆಂದು ಭಾವಿಸಬೇಡಿ. ನಿಮ್ಮನ್ನು ನಂಬಿ ಬಂದ ರೋಗಿ, ಟ್ರಯಲ್‌ಗೆ ಸೇರಿ ಎಂದು ನೀವು ಹೇಳಿದರೆ, ಅದು ತನಗೆಂದೇ ಆರಿಸಿದ ಚಿಕಿತ್ಸೆ ಎಂದು ತಿಳಿಯುತ್ತಾನೆ. ಯಾರಿಗೆ ಯಾವ ಚಿಕಿತ್ಸೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆಂದು ಎಷ್ಟು ಸಲ ಹೇಳಿದರೂ ಆ ನಂಬಿಕೆ ಪೂರ್ತಿ ಹೋಗುವುದಿಲ್ಲ. ಆ ನಂಬಿಕೆಯನ್ನು ಹಣಕ್ಕೆ ಬದಲಾಯಿಸಿಕೊಳ್ಳುವ ಅವಕಾಶ ನಿಮ್ಮ ಮುಂದೆ ಬಾರದಿರುವುದೇ ಒಳ್ಳೆಯದು.

ಸಂಶೋಧನೆ ವೈದ್ಯರಿಗೆ ಏನು ಕೊಡುತ್ತದೆ ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ನಿರ್ಧಾರಕ್ಕೆ ಅದು ಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಹೃದಯ ವೈಫಲ್ಯದ ರೋಗಿಗೆ ಬೀಟಾ ಬ್ಲಾಕರ್ ಕೊಡುವುದು ಅಪಾಯವೆಂದು ಕಲಿತು, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ಪಡೆದಿದ್ದೆ. ದುರ್ಬಲ ಹೃದಯವನ್ನು ಮತ್ತಷ್ಟು ನಿಧಾನಗೊಳಿಸುವ ಔಷಧ ಹೇಗೆ ಒಳ್ಳೆಯದು ಮಾಡೀತು ಎಂಬ ತರ್ಕ ಅಷ್ಟು ಗಟ್ಟಿಯಾಗಿತ್ತು. ಸ್ವೀಡನ್ನಿನ ಫಿನ್ ವಾಗ್‌ಸ್ಟೀನ್ ಮತ್ತು ಅವರ ಸಂಗಡಿಗರು ಏಳು ರೋಗಿಗಳಲ್ಲಿ ಅದರಿಂದ ಅನುಕೂಲವಾದದ್ದನ್ನು 1975ರಲ್ಲಿಯೇ ಪ್ರಕಟಿಸಿದ್ದರೂ ಬಹುತೇಕರು ನಂಬಲಿಲ್ಲ. 1999ರಲ್ಲಿ ಸಿಬಿಸ್-2 ಮತ್ತು ಮೆರಿಟ್-ಎಚ್‌ಎಫ್ ಎಂಬ ಎರಡು ದೊಡ್ಡ ಪ್ರಯೋಗಗಳು, ಒಂದರಲ್ಲಿ 2,647 ಮತ್ತೊಂದರಲ್ಲಿ 3,991 ರೋಗಿಗಳೊಂದಿಗೆ, ಸಾವು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗುವುದನ್ನು ತೋರಿಸಿದವು. ಕೊಡುವುದು ತಪ್ಪೆಂದು ಬರೆದ ಕೈಯಿಂದಲೇ, ಕೊಡದಿರುವುದು ತಪ್ಪೆಂದು ನಾನು ವಿದ್ಯಾರ್ಥಿಗಳ ಉತ್ತರ ಪತ್ರಿಕೆ ತಿದ್ದತೊಡಗಿದೆ. ಇದಕ್ಕೆ ತಿರುವುಮುರುವಾದ ಕಥೆ ಕ್ಯಾಸ್ಟ್ ಪ್ರಯೋಗದ್ದು. ಹೃದಯಾಘಾತದ ನಂತರ ಹೆಚ್ಚುವರಿ ಬಡಿತಗಳಿರುವವರು ಹಠಾತ್ತನೆ ಸಾಯುವ ಸಂಭವ ಹೆಚ್ಚು. ಎನ್ಕೈನೈಡ್ ಮತ್ತು ಫ್ಲೆಕೈನೈಡ್ ಆ ಬಡಿತಗಳನ್ನು ಅಡಗಿಸುತ್ತವೆ. ಹಾಗಾದರೆ ಜೀವ ಉಳಿಯಲೇಬೇಕು. ಇಸಿಜಿ ನೋಡಿದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಕೊನೆಯ ಎಣಿಕೆಯಲ್ಲಿ ಔಷಧ ಪಡೆದ 755 ಮಂದಿಯಲ್ಲಿ 63 ಸಾವು, ಔಷಧವಿಲ್ಲದ ಹುಸಿಮಾತ್ರೆ ಪಡೆದ 743 ಮಂದಿಯಲ್ಲಿ 26 ಸಾವು. 1989ರಲ್ಲಿ ಆ ಔಷಧಗಳ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆ ಔಷಧಗಳನ್ನು ಬರೆಯುತ್ತಿದ್ದ ವೈದ್ಯರು ಅಜ್ಞಾನಿಗಳೂ ಅಲ್ಲ, ದುಷ್ಟರೂ ಅಲ್ಲ. ತಮ್ಮ ರೋಗಿಗಳಲ್ಲಿ ಔಷಧದಿಂದ ಯಾರು ಸತ್ತರು, ರೋಗದಿಂದ ಯಾರು ಸತ್ತರು ಎಂದು ಬೇರ್ಪಡಿಸಿ ನೋಡುವ ದಾರಿ ಒಬ್ಬೊಬ್ಬರೇ ಕೆಲಸ ಮಾಡುವಾಗ ಅವರಿಗೆ ಇರಲಿಲ್ಲ, ಅಷ್ಟೆ.

ಈಗ ನಿಮ್ಮ ನೋಟ್‌ಬುಕ್ಕಿಗೆ ಬರೋಣ. ವಯಸ್ಸು ಮತ್ತು ಪಿಎಚ್‌ಡಿಯ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ. ಅದರಲ್ಲಿ ಇರುವುದು ಮರಳಿ ಬಂದವರ ವಿವರ ಮಾತ್ರ; ಮರಳಿ ಬಾರದವರು ಅದರಲ್ಲಿ ಇಲ್ಲ. ಬಂದವರಲ್ಲಿ ಅರ್ಧದಷ್ಟು ಮಂದಿ ಮಾತ್ರೆ ತಪ್ಪಿಸಿದ್ದರು ಎಂದು ನೀವು ಕಂಡುಕೊಂಡಿದ್ದರೂ, ಬಾರದವರಲ್ಲಿ ಎಷ್ಟು ಮಂದಿ ತಪ್ಪಿಸಿದ್ದರು ಎಂದು ಗೊತ್ತಿಲ್ಲದೆ ಆ ಅಂಕಿಗೆ ಅರ್ಥವಿಲ್ಲ. ಭಿನ್ನರಾಶಿಯಲ್ಲಿ ಅಂಶವಿದೆ, ಛೇದವಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ: ಬಾರದವರಲ್ಲಿ ಕೆಲವರು ಚೆನ್ನಾಗಿರುವುದರಿಂದ ಬಂದಿಲ್ಲ, ಕೆಲವರು ಬೇರೆ ಆಸ್ಪತ್ರೆಗೆ ಹೋಗಿದ್ದಾರೆ, ಕೆಲವರು ಮನೆಯಲ್ಲಿಯೇ ತೀರಿಕೊಂಡಿದ್ದಾರೆ. ಸತ್ತವರು ಮರಳಿ ದಾಖಲಾಗುವುದಿಲ್ಲ. ಆದ್ದರಿಂದ ಮರುದಾಖಲಾತಿ ಇಳಿಯಿತು ಎಂದು ಸಂಭ್ರಮಿಸುವ ಯೋಜನೆಯೊಂದು, ಬರಬೇಕಾದವರನ್ನು ಬಾರದಂತೆ ತಡೆದು ಸಾವನ್ನು ಹೆಚ್ಚಿಸಿದ್ದರೂ, ಕಾಗದದ ಮೇಲೆ ಯಶಸ್ವಿಯಾಗಿಯೇ ಕಾಣುತ್ತದೆ. ಹೀಗಾಗಿ ನೀವು ಅಳೆಯಬೇಕಾದದ್ದು ಮರುದಾಖಲಾತಿಯನ್ನೊಂದೇ ಅಲ್ಲ, ಸಾವು ಮತ್ತು ಮರುದಾಖಲಾತಿ ಎರಡನ್ನೂ ಸೇರಿಸಿ. ಇಲ್ಲವಾದರೆ ರೋಗಿ ಆಸ್ಪತ್ರೆಯ ಹೊರಗೆ ಜೀವಂತವಾಗಿ ಕಳೆದ ದಿನಗಳನ್ನು.

ಮೇಲಿನ ಮಾತುಗಳು ಓದುವಾಗಲೇ ನಿಮಗೆ ಸಹಜವೆನಿಸಿದರೆ, ನಿಮಗೆ ಬೇಕಾದ ತರಬೇತಿ ಎಷ್ಟು ಎಂಬ ಅಂದಾಜೂ ಸಿಗುತ್ತದೆ. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಕೆಲಸ ಮಾಡುವವರಿಗೆ ಪಿಎಚ್‌ಡಿಯ ದೀರ್ಘ ಅಭ್ಯಾಸ ಬೇಕಾಗಬಹುದು. ರೋಗಿಗಳ ನಡುವೆ ನಡೆಯುವ ನಿಮ್ಮಂತಹ ಸಂಶೋಧನೆಗೆ ಸಾಂಕ್ರಾಮಿಕಶಾಸ್ತ್ರ (ಜನಸಮೂಹದಲ್ಲಿ ಎಲ್ಲ ಬಗೆಯ ರೋಗಗಳ ಅಧ್ಯಯನ) ಮತ್ತು ಜೀವಸಂಖ್ಯಾಶಾಸ್ತ್ರದಲ್ಲಿ ಒಂದೆರಡು ವರ್ಷಗಳ, ಕೆಲಸದ ಜೊತೆಯಲ್ಲಿಯೇ ಮಾಡಬಹುದಾದ ವ್ಯಾಸಂಗ ಸಾಕಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಸಂಖ್ಯಾಶಾಸ್ತ್ರಜ್ಞರನ್ನು ಮೊದಲ ದಿನವೇ ಜೊತೆಗೆ ಕೂಡಿಸಿಕೊಳ್ಳುವುದು. ದತ್ತಾಂಶವೆಲ್ಲ ಕೂಡಿದ ಮೇಲೆ ಅವರ ಬಳಿ ಹೋಗುವ ವೈದ್ಯರೇ ಹೆಚ್ಚು. ಅಷ್ಟರಲ್ಲಿ ಅವರು ಮಾಡಬಹುದಾದದ್ದು ಶವಪರೀಕ್ಷೆ ಮಾತ್ರ. ವಯಸ್ಸಿನ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟೆ: ಪ್ರಶ್ನೆ ರೂಪಿಸಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಹಣ ಹೊಂದಿಸಿ, ರೋಗಿಗಳನ್ನು ಸೇರಿಸಿ, ಕಾಯ್ದು, ವಿಶ್ಲೇಷಿಸಿ ಪ್ರಕಟಿಸುವ ಹೊತ್ತಿಗೆ ಒಂದು ಟ್ರಯಲ್ ಐದಾರು ವರ್ಷ ತಿನ್ನುತ್ತದೆ. ನಿಮ್ಮ ಮುಂದಿರುವ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅಂತಹ ಮೂರು ನಾಲ್ಕಕ್ಕೆ ಜಾಗವಿದೆ. 25ರಲ್ಲಿ ಪ್ರಶ್ನೆಯಿಲ್ಲದೆ ಶುರುಮಾಡಿದವರಿಗಿಂತ 39ರಲ್ಲಿ ಪ್ರಶ್ನೆಯೊಂದಿಗೆ ಶುರುಮಾಡುವವರು ಮುಂದಿರುತ್ತಾರೆಂದು ನನ್ನ ಅನುಭವ.

ನೋಟ್‌ಬುಕ್ಕಿನಿಂದ ನೇರವಾಗಿ ಟ್ರಯಲ್‌ಗೆ ಹಾರಬೇಡಿ. ಮೊದಲು ಬಿಡುಗಡೆಯಾಗುವ ಪ್ರತಿಯೊಬ್ಬರನ್ನೂ ಒಳಗೊಂಡ ನೋಂದಣಿ, ಅದು ಒಂದು ವರ್ಷ ನಡೆದ ಮೇಲೆ ಸಣ್ಣ ಪ್ರಾಯೋಗಿಕ ಅಧ್ಯಯನ, ಆಮೇಲೆ ಟ್ರಯಲ್. ಬಿಡುಗಡೆಗೆ ಮುನ್ನ ಹೇಳಿಕೊಟ್ಟು, ನಂತರ ಫೋನ್ ಮಾಡಿ ವಿಚಾರಿಸುವ ನರ್ಸ್ ಇದ್ದರೆ ಉಪಯೋಗವೇ ಎಂದು ಪರೀಕ್ಷಿಸುವುದಾದರೆ, ಒಂದೇ ವಾರ್ಡಿನಲ್ಲಿ ಅರ್ಧ ಮಂದಿಗೆ ಹೇಳಿಕೊಟ್ಟು ಉಳಿದರ್ಧಕ್ಕೆ ಹೇಳದಿರುವುದು ನಡೆಯದ ಮಾತು. ಪಕ್ಕದ ಹಾಸಿಗೆಗೆ ಸುದ್ದಿ ಹರಡುತ್ತದೆ. ಅಂತಹ ಕಡೆ ರೋಗಿಗಳ ಬದಲು ವಾರ್ಡುಗಳನ್ನೇ ಅಥವಾ ಆಸ್ಪತ್ರೆಗಳನ್ನೇ ಚೀಟಿ ಎತ್ತಿ ಹಂಚಬೇಕಾಗುತ್ತದೆ. ಮೊದಲ ರೋಗಿ ಸೇರುವ ಮುನ್ನವೇ ಟ್ರಯಲ್ ಅನ್ನು ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸಿ; 2005ರಿಂದ ಪ್ರಮುಖ ವೈದ್ಯಕೀಯ ಪತ್ರಿಕೆಗಳು ಇದಿಲ್ಲದ ಪ್ರಯೋಗಗಳನ್ನು ಸ್ವೀಕರಿಸುವುದಿಲ್ಲವೆಂದು ತೀರ್ಮಾನಿಸಿವೆ. ಒಟ್ಟಾರೆ ಫಲಿತಾಂಶ ಶೂನ್ಯವಾಗಿ ಬಂದಾಗ, ಮಧುಮೇಹಿ ಮಹಿಳೆಯರಲ್ಲಾದರೂ ಉಪಯೋಗವಾಗಿದೆಯೇನೋ ಎಂದು ಹೆಕ್ಕಿ ನೋಡುವ ಆಸೆ ಹುಟ್ಟುತ್ತದೆ. ಆಗ ಐಸಿಸ್-2 ತಂಡ ಮಾಡಿದ ತಮಾಷೆಯನ್ನು ನೆನಪಿಸಿಕೊಳ್ಳಿ: ಹೀಗೆ ಹೆಕ್ಕುವುದು ಎಷ್ಟು ಅಪಾಯವೆಂದು ತೋರಿಸಲು ಅವರು ರೋಗಿಗಳನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿದರು, ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಪ್ರಯೋಜನ ಕಾಣಲೇ ಇಲ್ಲ!

ಇಷ್ಟು ಸಂಶೋಧನೆಯ ಮಾತಾಯಿತು. ಇನ್ನು ಆಡಳಿತ ಸಂಶೋಧಕರ ಸಮಾಧಿ ಎಂಬ ಮಾತು, ನಿಮ್ಮ ಸಹೋದ್ಯೋಗಿಗಳ ಎಚ್ಚರಿಕೆಗಳಲ್ಲಿ ಸತ್ಯಕ್ಕೆ ಅತಿ ಹತ್ತಿರವಿರುವುದು ಇದೇ. ನಾನು 46ರಲ್ಲಿ ವಿಭಾಗದ ಮುಖ್ಯಸ್ಥನಾದೆ. ಮೊದಲ ಮೂರು ವರ್ಷ ನನ್ನದೆಂದು ಹೇಳಬಹುದಾದ ಒಂದು ಸಾಲನ್ನೂ ಬರೆಯಲಿಲ್ಲ. ಕೆಲಸದ ಗಂಟೆಗಳು ಹೆಚ್ಚಿದ್ದವು ಎಂಬುದು ಕಾರಣವಲ್ಲ, ಗಂಟೆಗಳು ಚೂರುಚೂರಾಗಿದ್ದವು. ಡ್ಯೂಟಿ ಪಟ್ಟಿಯ ಜಗಳ, ಕೆಟ್ಟುಹೋದ ಎಕೋ ಯಂತ್ರ, ರೋಗಿಯ ಕಡೆಯವರ ದೂರು, ಡೀನ್ ಕರೆದ ಸಭೆ, ಹೀಗೆ ಇಪ್ಪತ್ತು ನಿಮಿಷಕ್ಕೊಂದು ಸಂಗತಿ. ಪ್ರೊಟೊಕಾಲ್ ಬರೆಯುವುದಕ್ಕೆ ಎಡೆಬಿಡದ ನಾಲ್ಕು ಗಂಟೆ ಬೇಕು. ಹನ್ನೆರಡು ಇಪ್ಪತ್ತು ನಿಮಿಷಗಳನ್ನು ಕೂಡಿಸಿದರೆ ಅದು ಆಗುವುದಿಲ್ಲ. ಆ ಕಾಲದಲ್ಲಿಯೇ ನಾನು ಇನ್ನೊಂದು ತಪ್ಪು ಮಾಡಿದೆ. ವಿಭಾಗದಿಂದ ಹೊರಡುವ ಲೇಖನಗಳಿಗೆಲ್ಲ ಕೊನೆಯ ಹೆಸರಾಗಿ ನನ್ನದನ್ನು ಸೇರಿಸಲು ಒಪ್ಪಿದೆ. ಕಿರಿಯರು ಗೌರವದಿಂದ ಕೇಳುತ್ತಿದ್ದರು, ನನಗೂ ಹಿತವಾಗುತ್ತಿತ್ತು. ಅವುಗಳಲ್ಲಿ ಒಂದರ ಕೋಷ್ಟಕದಲ್ಲಿ ರೋಗಿಗಳ ಸಂಖ್ಯೆ ಕೂಡಿಬರುವುದಿಲ್ಲವೆಂದು ಪತ್ರಿಕೆಯವರು ಬರೆದಾಗ, ಆ ದತ್ತಾಂಶವನ್ನು ನಾನು ನೋಡಿಯೇ ಇಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಅದು ಕೂಡುವಲ್ಲಿ ಆದ ತಪ್ಪಾಗಿತ್ತು, ತಿದ್ದುಪಡಿ ಪ್ರಕಟವಾಯಿತು, ಆದರೆ ಆ ನಾಚಿಕೆ ಹೋಗಿಲ್ಲ. ಲೇಖಕನೆಂದು ಕರೆಸಿಕೊಳ್ಳಲು ಕೆಲಸದಲ್ಲಿ ಪಾಲು, ಬರವಣಿಗೆಯಲ್ಲಿ ಪಾಲು, ಅಂತಿಮ ರೂಪಕ್ಕೆ ಒಪ್ಪಿಗೆ, ಪೂರ್ಣ ಹೊಣೆ ಎಂಬ ನಾಲ್ಕೂ ಇರಬೇಕೆಂಬ ನಿಯಮವನ್ನು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸುಮ್ಮನೆ ಮಾಡಿಲ್ಲ. 1981ರಲ್ಲಿ ಅಮೆರಿಕದ ಹೆಸರಾಂತ ಹೃದ್ರೋಗ ಪ್ರಯೋಗಾಲಯವೊಂದರಲ್ಲಿ, ಅತಿ ವೇಗವಾಗಿ ಲೇಖನಗಳನ್ನು ಹೊರತರುತ್ತಿದ್ದ ಯುವ ಸಂಶೋಧಕ ಅಂಕಿಗಳನ್ನು ತಾನೇ ಸೃಷ್ಟಿಸುತ್ತಿದ್ದುದು ಪಕ್ಕದಲ್ಲಿದ್ದವರ ಕಣ್ಣಿಗೆ ಬಿದ್ದಿತು. ಕಚ್ಚಾ ದತ್ತಾಂಶವನ್ನು ಆಗಾಗ ತೆರೆದು ನೋಡುವ ಅಭ್ಯಾಸ ಮುಖ್ಯಸ್ಥರಿಗೆ ಇರಬೇಕೆಂಬುದು ಅಂದಿನಿಂದ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು, ಸಮಯವಿರುವವರು ಕಡಿಮೆ.

ಹಾಗೆಂದು ಎರಡನ್ನೂ ನಡೆಸಿದವರೇ ಇಲ್ಲವೆಂದಲ್ಲ. ಅಮೆರಿಕದ ಹೃದ್ರೋಗ ತಜ್ಞ ಯೂಜೀನ್ ಬ್ರೌನ್‌ವಾಲ್ಡ್ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯೊಂದರ ವೈದ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದಾಗಲೇ, 1984ರಲ್ಲಿ, ಹೃದಯಾಘಾತದ ಚಿಕಿತ್ಸೆಯನ್ನೇ ಬದಲಿಸಿದ ಟಿಮಿ ಅಧ್ಯಯನ ತಂಡವನ್ನು ಕಟ್ಟಿದರು. ಇಂತಹ ಉದಾಹರಣೆ ಕೊಟ್ಟು ನಿಮ್ಮನ್ನು ಹುರಿದುಂಬಿಸಲು ಸಂಸ್ಥೆಯವರು ಮುಂದಾದರೆ ಒಂದನ್ನು ಗಮನಿಸಿ: ಮುಖ್ಯಸ್ಥರಾಗುವ ಹೊತ್ತಿಗೆ ಅವರ ಬೆನ್ನಿಗೆ ಹಲವು ವರ್ಷಗಳ ಸ್ವಂತ ಸಂಶೋಧನೆಯಿತ್ತು. ನಾಯಕತ್ವಕ್ಕೆ ಕುರ್ಚಿಯೇ ಬೇಕೆಂದೂ ಇಲ್ಲ. ಹೃದ್ರೋಗ ಸಂಶೋಧಕ ಸಲೀಂ ಯೂಸುಫ್ ನೇತೃತ್ವದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ 52 ದೇಶಗಳ ಮಾಹಿತಿಯಿಂದ, ಮೊದಲ ಹೃದಯಾಘಾತದ ಅಪಾಯದ ಬಹುಪಾಲನ್ನು ಒಂಬತ್ತು ಅಳೆಯಬಹುದಾದ ಕಾರಣಗಳೇ ವಿವರಿಸುತ್ತವೆಂದು ತೋರಿಸಿತು. ಅಷ್ಟು ದೇಶಗಳ ವೈದ್ಯರನ್ನು ಒಂದೇ ಫಾರಂ ತುಂಬಲು ಒಪ್ಪಿಸುವುದು ಯಾವ ವಿಭಾಗ ನಡೆಸುವುದಕ್ಕಿಂತ ಕಡಿಮೆಯ ನಾಯಕತ್ವ?

ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮುಖ್ಯಸ್ಥರ ಕೈಯಲ್ಲಿರುವ ನಿಜವಾದ ಅಧಿಕಾರ ಡ್ಯೂಟಿ ಪಟ್ಟಿಯಲ್ಲಿದೆ. ಯಾವ ಕಿರಿಯ ವೈದ್ಯೆಗೆ ವಾರಕ್ಕೊಂದು ದಿನ ಓದಲು ಬರೆಯಲು ಬಿಡುವು ಸಿಗುತ್ತದೆ, ಸಾವುಗಳ ಪರಿಶೀಲನಾ ಸಭೆಯಲ್ಲಿ ತಪ್ಪನ್ನು ಹೆದರದೆ ಹೇಳಿಕೊಳ್ಳಬಹುದೇ ಇಲ್ಲವೇ, ಹೊಸ ಸಾಧನವನ್ನು ಮಾರುವ ಪ್ರತಿನಿಧಿ ಕ್ಯಾಥ್ ಲ್ಯಾಬಿನೊಳಗೆ ಎಷ್ಟು ದೂರ ಬರಬಹುದು, ಇವೆಲ್ಲ ನಿರ್ಧಾರವಾಗುವುದು ಅಲ್ಲಿ. ನಾನು ಮುಖ್ಯಸ್ಥನಾಗಿದ್ದ ಹನ್ನೊಂದು ವರ್ಷಗಳಲ್ಲಿ ಮಾಡಿದ ಅತ್ಯುತ್ತಮ ಕೆಲಸವೆಂದರೆ ಮೂವರು ಕಿರಿಯರ ಒಂದೊಂದು ದಿನವನ್ನು ಯಾರೂ ಮುಟ್ಟದಂತೆ ಕಾಯ್ದದ್ದು. ಈ ಕೆಲಸದಲ್ಲಿ ನಿಮಗೆ ತೃಪ್ತಿ ಸಿಗುವುದಾದರೆ ಆಡಳಿತ ಸಮಾಧಿಯಲ್ಲ. ಪರೀಕ್ಷಿಸಿಕೊಳ್ಳುವ ಬಗೆ ಸುಲಭ: ಸಂಶೋಧನೆಯ ಬೇಸರದ ಭಾಗ ಕಾಣೆಯಾದ ಅಂಕಿಗಳನ್ನು ಹುಡುಕಿ ಫೋನ್ ಮಾಡುವುದು, ಆಡಳಿತದ ಬೇಸರದ ಭಾಗ ಇಬ್ಬರು ಸಮಾನರ ಜಗಳವನ್ನು ಆಲಿಸುವುದು. ಯಾವ ಬೇಸರವನ್ನು ನೀವು ವರ್ಷಗಟ್ಟಲೆ ತಾಳಬಲ್ಲಿರಿ ಎಂದು ಯೋಚಿಸಿ. ನಾಲ್ಕು ವರ್ಷ ಯಾರೂ ಹೇಳದೆ ನೋಟ್‌ಬುಕ್ ತುಂಬಿದವರ ವಿಷಯದಲ್ಲಿ ನನಗೊಂದು ಊಹೆಯಿದೆ, ಆದರೆ ನಿರ್ಧಾರ ನಿಮ್ಮದು.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಹೆಚ್ಚು ಒಲವು ತೋರುವುದು ಸಂಶೋಧನಾ ಘಟಕವನ್ನು ಒಪ್ಪಿಕೊಂಡು ಉಪಮುಖ್ಯಸ್ಥೆಯ ಸ್ಥಾನವನ್ನು ಸದ್ಯಕ್ಕೆ ಬೇಡವೆನ್ನುವ ದಾರಿಗೆ. ಇದರ ಅಪಾಯವೂ ಸಣ್ಣದಲ್ಲ. ಎರಡು ವರ್ಷಗಳ ನಂತರ ಬರುವ ಮುಖ್ಯಸ್ಥರು ಸಂಶೋಧನೆಯನ್ನು ಹವ್ಯಾಸವೆಂದು ಭಾವಿಸುವವರಾದರೆ ನಿಮ್ಮ ದಿನಗಳು ಮೊದಲು ಕರಗುತ್ತವೆ. ಅದಕ್ಕಾಗಿ ಬಾಯಿಮಾತಿನ ಭರವಸೆಗೆ ಒಪ್ಪಬೇಡಿ; ವಾರದಲ್ಲಿ ಎರಡು ಪೂರ್ಣ ದಿನ ಡ್ಯೂಟಿ ಇರುವುದಿಲ್ಲ, ತುರ್ತು ಕರೆಯೂ ಬರುವುದಿಲ್ಲ ಎಂಬುದು ನೇಮಕಾತಿ ಪತ್ರದಲ್ಲಿಯೇ ಇರಲಿ. ಒಬ್ಬ ಸಂಖ್ಯಾಶಾಸ್ತ್ರಜ್ಞರ ಅರ್ಧ ಸಮಯ, ಒಬ್ಬ ಸಂಶೋಧನಾ ನರ್ಸ್, ಮೂರು ವರ್ಷಗಳ ನಂತರ ಪರಾಮರ್ಶೆ, ಇವೂ ಇರಲಿ. ಘಟಕ ಅನುದಾನದ ಮೇಲೆಯೇ ನಡೆಯಬೇಕೆಂದರೆ, ಒಂದು ಅನುದಾನ ಮುಗಿದು ಇನ್ನೊಂದು ಬರುವ ನಡುವಿನ ತಿಂಗಳುಗಳಲ್ಲಿ ಸಿಬ್ಬಂದಿಯ ಸಂಬಳ ಯಾರ ಹೊಣೆ ಎಂದು ಈಗಲೇ ಕೇಳಿ. ಘಟಕ ನಡೆಸಿದವರ ನಿದ್ದೆ ಕೆಡಿಸುವುದು ಹೆಚ್ಚಾಗಿ ಇದೇ, ವಿಜ್ಞಾನವಲ್ಲ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲೇಬೇಕಾದ ಒತ್ತಡವಿದ್ದರೆ, ಉಪಮುಖ್ಯಸ್ಥೆಯ ಕೆಲಸಗಳ ಪಟ್ಟಿಯನ್ನು ಬರಹದಲ್ಲಿ ಪಡೆದು, ಡ್ಯೂಟಿ ಪಟ್ಟಿ ಮತ್ತು ಖರೀದಿ ಬೇರೊಬ್ಬರ ಬಳಿ ಇರುವಂತೆ ಮಾಡಿ. ನೀವು ಏಕೈಕ ಮಹಿಳೆ ಎಂದಿರಿ. ಪ್ರತಿ ಸಮಿತಿಯಲ್ಲಿ ಒಬ್ಬ ಮಹಿಳೆ ಇರಲಿ ಎಂದು ನಿಮ್ಮನ್ನೇ ಕರೆಯುವುದು ಗೌರವದಂತೆ ಕಂಡರೂ ಅದು ನಿಮ್ಮ ಪುರುಷ ಸಹೋದ್ಯೋಗಿಗಳು ಕಟ್ಟದ ಕಂದಾಯ. ಎರಡು ಸಮಿತಿಗಳಿಗಿಂತ ಹೆಚ್ಚಿನದನ್ನು ಒಪ್ಪಬೇಡಿ.

ಎರಡನ್ನೂ ನಿರಾಕರಿಸಿ ಬಿಡುವಿನ ವೇಳೆಯಲ್ಲಿ ಸಂಶೋಧನೆ ಮಾಡುತ್ತೇನೆಂದರೆ, ನೋಂದಣಿಯೊಂದನ್ನು ನಡೆಸಬಹುದು, ಟ್ರಯಲ್ ಆಗದು. ಅದು ರಾತ್ರಿಗಳನ್ನೂ ಮನೆಯವರ ತಾಳ್ಮೆಯನ್ನೂ ತಿನ್ನುತ್ತದೆ. ಏನೂ ಬದಲಿಸದೆ ಒಳ್ಳೆಯ ಚಿಕಿತ್ಸಕಿಯಾಗಿಯೇ ಉಳಿದು, ಬೇರೆಯವರ ಒಳ್ಳೆಯ ಟ್ರಯಲ್‌ಗಳಿಗೆ ಪ್ರಾಮಾಣಿಕವಾಗಿ ರೋಗಿಗಳನ್ನು ಸೇರಿಸುವುದೂ ಮರ್ಯಾದೆಯ ದಾರಿಯೇ. ಗಿಸ್ಸಿಯ 176 ಘಟಕಗಳಲ್ಲಿ ಫಾರಂ ತುಂಬಿದವರಲ್ಲಿ ಬಹುತೇಕರ ಹೆಸರು ನಮಗೆ ಗೊತ್ತಿಲ್ಲ. ಬಡ್ತಿಯ ಲೆಕ್ಕದಲ್ಲಿ ಅದು ಹಿಂದೆ ಬೀಳಬಹುದು, ಅಷ್ಟನ್ನು ತಿಳಿದೇ ಆರಿಸಿಕೊಳ್ಳಬೇಕು.

ಉತ್ತರಿಸಲು ಆರು ವಾರವಿದೆ ಎಂದಿದ್ದೀರಿ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಮೂರು ತಿಂಗಳ ಹಿಂದಿನ ಯಾವುದಾದರೂ ಒಂದು ತಿಂಗಳನ್ನು ಆರಿಸಿ, ಆ ತಿಂಗಳಲ್ಲಿ ಹೃದಯ ವೈಫಲ್ಯದ ಚಿಕಿತ್ಸೆ ಪಡೆದು ಬಿಡುಗಡೆಯಾದ ಎಲ್ಲರ ಪಟ್ಟಿಯನ್ನು ದಾಖಲೆ ವಿಭಾಗದಿಂದ ತೆಗೆಸಿ. ಮರಳಿ ಬಂದವರದು ಮಾತ್ರವಲ್ಲ, ಎಲ್ಲರದು. ಇದಕ್ಕೆ ನೈತಿಕ ಸಮಿತಿಯ ಅನುಮತಿ ಬೇಕೇ ಎಂದು ಮೊದಲು ಕಾರ್ಯದರ್ಶಿಯನ್ನು ಕೇಳಿಕೊಳ್ಳಿ. ಮರಳಿ ಬಾರದವರಲ್ಲಿ ಎಷ್ಟು ಮಂದಿ ಚೆನ್ನಾಗಿದ್ದಾರೆ, ಎಷ್ಟು ಮಂದಿ ಬೇರೆಡೆ ದಾಖಲಾಗಿದ್ದಾರೆ, ಎಷ್ಟು ಮಂದಿ ಇಲ್ಲವಾಗಿದ್ದಾರೆ ಎಂದು ನೀವೇ ಕೂತು ವಿಚಾರಿಸಿ. ಆ ಪಟ್ಟಿಯೊಂದಿಗೆ ಸಂಖ್ಯಾಶಾಸ್ತ್ರಜ್ಞರ ಬಳಿ ಒಂದು ಮಧ್ಯಾಹ್ನ ಕಳೆಯಿರಿ. ಅಲ್ಲಿಂದ ಎದ್ದು ಬರುವಾಗ ಎರಡನೇ ತಿಂಗಳ ಪಟ್ಟಿಯನ್ನೂ ತೆಗೆಸಬೇಕೆಂದು ನಿಮಗೆ ತೋರಿದರೆ, ಸಂಸ್ಥೆಯವರಿಗೆ ಬರೆಯಬೇಕಾದ ಪತ್ರದಲ್ಲಿ ಯಾವ ಷರತ್ತು ಮೊದಲು ಬರಬೇಕೆಂಬುದೂ ಗೊತ್ತಾಗಿರುತ್ತದೆ.